ನಾಗಿ ಕಂಡುಹಿಡಿದ ಕಾಯಿಲೆ

ಕಾಸರಕೋಡದ ಮೀನುಗಾರ ದೇವಪ್ಪನ ಮಗಳು ನಾಗಿಗೆ ಅಳುಕು ಎಂಬುದೇ ಗೊತ್ತಿರಲಿಲ್ಲ. ಕೇರಿಯ ಹುಡುಗಿಯರು ಮೀನು ಒಣಗಿಸುವ ವಯಸ್ಸಿನಲ್ಲಿ ಅವಳು ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಿ ಅಪಸಾಮಾನ್ಯ ಮನೋವಿಜ್ಞಾನ ಓದತೊಡಗಿದಳು. ಕೇರಿಯವರು ಅದಕ್ಕೆ ಹುಚ್ಚಿನ ವಿದ್ಯೆ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಎಂದು ನಾಗಿ ನಕ್ಕಳು.

೧೯೬೫ರ ರಜೆಯಲ್ಲಿ ಬಂದಾಗ ಒಬ್ಬ ರೋಗಿಯ ಕುರಿತು ಟಿಪ್ಪಣಿ ಬರೆದೊಯ್ಯಬೇಕಿತ್ತು. ಹುಡುಕುವ ಕಷ್ಟವೇ ಬರಲಿಲ್ಲ. ಪಕ್ಕದ ಮನೆಯ ಗಂಗಿಯ ಗಂಡ ಎರಡು ವರ್ಷದ ಹಿಂದೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮರಳದಿಬ್ಬಕ್ಕೆ ಬಡಿದು ಸತ್ತಿದ್ದ. ಅಂದಿನಿಂದ ಗಂಗಿ ದಿನಾ ಬೆಳಿಗ್ಗೆ ದಂಡೆಯಲ್ಲಿ ನಿಂತು ಕಡಲಿನತ್ತ ಕೆಂಪು ವಸ್ತ್ರ ಬೀಸುತ್ತಿದ್ದಳು. ಮನೆಯ ಮಾನ ಹೋಗುತ್ತಿದೆ, ಇವಳನ್ನು ಧಾರವಾಡದ ಹುಚ್ಚಾಸ್ಪತ್ರೆಗೆ ಸೇರಿಸಿಬಿಡು ಎಂದು ಗಂಗಿಯ ಮೈದುನ ಈರ ನಾಗಿಯ ಬೆನ್ನು ಹತ್ತಿದ್ದ. ನಾಗಿ ಮೂರು ದಿನ ನೋಡಿ ಬರೆದಳು: ಗಂಡ ಸತ್ತದ್ದನ್ನು ಮನಸ್ಸು ಒಪ್ಪಿಲ್ಲ, ಇಲ್ಲದವನನ್ನು ಕರೆಯುತ್ತಾಳೆ. ಸೋಮವಾರದ ಬಸ್ಸಿಗೆ ಕರೆದೊಯ್ಯುವುದೆಂದೂ ಆಯಿತು.

ರೋಗಿಯನ್ನು ಕಡಲಿನ ಕಡೆಯಿಂದಲೂ ಒಮ್ಮೆ ನೋಡಬೇಕೆಂದು ಭಾನುವಾರ ನಸುಕಿನಲ್ಲಿ ಹಠ ಮಾಡಿ ಅಪ್ಪನ ದೋಣಿ ಹತ್ತಿದಳು. ಬೆಳಿಗ್ಗೆ ಮರಳುವಾಗ ಅಳಿವೆಯಲ್ಲಿ ಅಲೆ ಎದ್ದಿತ್ತು. ಅಪ್ಪ ಚುಕ್ಕಾಣಿ ಹಿಡಿದು ದಂಡೆಯನ್ನೇ ನೋಡುತ್ತಿದ್ದ. ಗಂಗಿ ಒಂದು ಕಡೆ ಸರಿದು ವಸ್ತ್ರ ಬೀಸಿದಳು. ದೋಣಿಯೂ ಆ ಕಡೆಗೇ ತಿರುಗಿತು. ಬೀಸುವುದನ್ನು ನಿಲ್ಲಿಸಿದಳು, ದೋಣಿ ನೆಟ್ಟಗೆ ಒಳಬಂತು. ಹಿಂದಿನ ನಾಲ್ಕು ದೋಣಿಗಳೂ ಹಾಗೇ ಬಂದವು. ಅವುಗಳಲ್ಲಿ ಈರನದೂ ಒಂದು.

ಕೇಳಿದರೆ ಅಪ್ಪ ತಲೆ ತಗ್ಗಿಸಿದ. ದಿಬ್ಬ ಆಗಾಗ ಜಾಗ ಬದಲಿಸುತ್ತದಂತೆ, ದೋಣಿಯಲ್ಲಿದ್ದವರಿಗೆ ಕಾಣದ್ದು ಗಂಗಿಗೆ ದಂಡೆಯಿಂದ ಕಾಣುತ್ತದಂತೆ. ಆದರೆ ಕಡಲಿಗಿಳಿದವರು ವಿಧವೆಯ ಮುಖ ನೋಡಬಾರದೆಂಬ ಕಟ್ಟಳೆ. ನೋಡುತ್ತೇವೆಂದು ಯಾರು ಬಾಯಿ ಬಿಡುತ್ತಾರೆ? ನಾಗಿಗೆ ಗಂಡಸರ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಇನ್ನೂ ಹೆಚ್ಚು. ಮೂರು ದಿನ ನೋಡಿದವಳು ಒಮ್ಮೆಯೂ ಗಂಗಿಯನ್ನು ಮಾತಾಡಿಸಿರಲಿಲ್ಲ.

ದೋಣಿ ಇಳಿದವಳೇ ಎಲ್ಲರೆದುರು ಕೇಳಿದಳು: "ಗಂಗಕ್ಕನ್ನ ಧಾರವಾಡಕ್ಕೆ ಕರಕೊಂಡು ಹೋಗ್ತೆ. ನಾಳೆಯಿಂದ ನೀವು ಯಾರನ್ನ ನೋಡಿ ಒಳಗೆ ಬರ್ತ್ರಿ?"

ಈರ ಬಲೆಯ ಗಂಟು ಬಿಡಿಸುತ್ತ ಕುಳಿತ. ಕೊನೆಗೆ ಬಾಯಿ ಬಿಟ್ಟವನು ದೇವಪ್ಪ.

"ನಾ ಅವಳನ್ನೇ ನೋಡ್ತೆ. ಅವಳಿಲ್ದೆ ನಾ ದೋಣಿ ಇಳಿಸೂದಿಲ್ಲ."

ತಾವೂ ಅಷ್ಟೇ ಎಂದು ಇನ್ನಿಬ್ಬರು ಗೊಣಗಿದರು. ಧಾರವಾಡದ ಮಾತು ಅಲ್ಲಿಗೆ ಮುಗಿಯಿತು.

ನಾಗಿ ಟಿಪ್ಪಣಿಯ ಹಾಳೆ ಹರಿದು ಗಂಗಿಯ ಬಳಿ ಹೋದಳು. ಎಲ್ಲರೂ ಹುಚ್ಚಿ ಅಂದಾಗಲೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಗಂಗಿ ವಸ್ತ್ರ ಮಡಚುತ್ತ ಹೇಳಿದಳು, "ಹೇಳಿದ್ರೆ ಅವ್ರು ನೋಡೂದು ಬಿಡ್ತಿದ್ರು, ತಂಗಿ."