ಸಾವಂತ್ರೆವ್ವನ ಸೇಡು

ಅಂತೂರ ಬೆಂತೂರಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಸಾವಂತ್ರೆವ್ವ ಗಂಡ ಸತ್ತ ವರ್ಷ ಮೈತುಂಬ ಹುಣ್ಣಾಗಿ ಬೆಟಗೇರಿಯ ಆಸ್ಪತ್ರೆಗೆ ಬಂದಳು. ಊರಲ್ಲಿ ಅವಳ ಕೇರಿಯವರನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲಿ ಒಬ್ಬ ನರ್ಸಬಾಯಿ ದಿನಾಲೂ ತನ್ನ ಕೈಯಿಂದಲೇ ಹುಣ್ಣು ತೊಳೆದಳು. "ಯಾರು ಹೇಳಿ ಕಳಿಸ್ಯಾರವ್ವ ನಿನ್ನ?" ಎಂದು ಕೇಳಿದಾಗ ನರ್ಸಬಾಯಿ ಯೇಸುವಿನ ಹೆಸರು ಹೇಳಿದಳು. ಸಾವಂತ್ರೆವ್ವನಿಗೆ ಅಷ್ಟೇ ಸಾಕಾಯಿತು. ಮೈ ನೆಟ್ಟಗಾದ ಮೇಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿ ಬೆಟಗೇರಿಯಲ್ಲೇ ನಿಂತಳು. ನೇಕಾರರಿಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದಳು. ಶನಿವಾರ ಸಂಜೆ ಚರ್ಚಿನ ಕಸ ಗುಡಿಸುವಾಗ ಅವಳು ಹಾಡುವುದು ಬೀದಿಗೆಲ್ಲ ಕೇಳಿಸುತ್ತಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದ ವಾರ ಚರ್ಚಿನಲ್ಲಿ ವಿಶೇಷ ಆರಾಧನೆ ನಡೆಯಿತು. ಒಂದೇ ಬಟ್ಟಲಿನ ದ್ರಾಕ್ಷಾರಸ ಹಂಚಿಕೊಂಡು ಕುಡಿಯುವ ಪ್ರಭುಭೋಜನಕ್ಕೆ ಎಲ್ಲರೂ ಸಾಲಾಗಿ ಮೊಣಕಾಲೂರಿದರು. ಸಾವಂತ್ರೆವ್ವನ ಪಕ್ಕದಲ್ಲಿ ರಾಹೇಲವ್ವ ಇದ್ದಳು. ಸಭೆಯ ಹಿರಿಯನ ಹೆಂಡತಿ, ಮೂರು ತಲೆಮಾರಿನ ಕ್ರೈಸ್ತ ಮನೆತನ. ಸಾವಂತ್ರೆವ್ವ ಕುಡಿದ ಬಟ್ಟಲು ಮುಂದೆ ಬಂದಾಗ ರಾಹೇಲವ್ವ ಸೆರಗಿನಿಂದ ಅದರ ಅಂಚನ್ನು ಗಟ್ಟಿಯಾಗಿ ಒರೆಸಿದಳು. ಆಮೇಲೆ ಕುಡಿದಳು. ಪಾದ್ರಿಗಳು ನೋಡಿಯೂ ನೋಡದವರಂತೆ ಮುಂದೆ ಸರಿದರು.

ಅಂದೇ ಸಾವಂತ್ರೆವ್ವ ಬೈಬಲ್ಲನ್ನು ಟ್ರಂಕಿನ ತಳಕ್ಕೆ ಹಾಕಿದಳು. ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ, ಹಾಡಲಿಲ್ಲ, ದೇವರ ಹೆಸರೆತ್ತಲಿಲ್ಲ. ಪಾದ್ರಿಗಳು ಮನೆಗೆ ಬಂದು ಕರೆದರು.

"ಆಕಿ ನನ್ನ ಎಂಜಲಾ ಕುಡೀಬೇಕ್ರಿ," ಎಂದಳು. "ಅದನ್ನ ಕಣ್ಣಾರೆ ನೋಡೂತನಕ ನಂಗ ಯಾವ ದೇವರೂ ಬ್ಯಾಡ."

ರಾಹೇಲವ್ವನ ಮನೆ ಎದುರಿಗೇ ಇತ್ತು. ಅಲ್ಲಿ ಬುಧವಾರ ಪ್ರಾರ್ಥನಾ ಕೂಟ ಶುರುವಾಯಿತೆಂದರೆ ಸಾವಂತ್ರೆವ್ವ ಅಂಗಳದಲ್ಲಿ ಒಲೆ ಹೂಡಿ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ಪ್ರಾರ್ಥಿಸುವವರೆಲ್ಲ ಕೆಮ್ಮಿ ಕೆಮ್ಮಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ರಾಹೇಲವ್ವನ ಗಂಡ ತೀರಿಕೊಂಡಾಗ ಓಣಿಯೆಲ್ಲ ಹೆಣದ ಹಿಂದೆ ಹೋಯಿತು. ಇವಳು ಹೊಸ್ತಿಲಲ್ಲಿ ಕುಳಿತು ನೂಲು ಸುತ್ತಿದಳು. ಇಷ್ಟಾದರೂ ಎದೆ ತಣ್ಣಗಾಗಲಿಲ್ಲ.

ಒಂಬತ್ತು ವರ್ಷದ ಮೇಲೆ, ಕರ್ನಾಟಕ ಒಂದಾದ ಸಂಭ್ರಮದಲ್ಲಿ ಗದಗಿನ ಬೀದಿಗಳಿಗೆ ತೋರಣ ಕಟ್ಟುತ್ತಿದ್ದಾಗ ರಾಹೇಲವ್ವನಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋದವು, ಮಾತು ನಿಂತಿತು. ಮಗ ಹುಬ್ಬಳ್ಳಿಯಲ್ಲಿ ರೇಲ್ವೆ ನೌಕರ. ನೋಡಿಕೊಳ್ಳಲು ಆಳು ಹುಡುಕುತ್ತಿದ್ದ ಅವನ ಮುಂದೆ ಸಾವಂತ್ರೆವ್ವ ತಾನಾಗಿಯೇ ಹೋಗಿ ನಿಂತಳು.

"ನಾ ನೋಡ್ಕೋತೀನ್ರಿ ನಿಮ್ಮವ್ವನ್ನ."

ಓಣಿಯವರು ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆ.

ಮೊದಲ ದಿನವೇ ಲೋಟದಲ್ಲಿ ನೀರು ತಂದು ರಾಹೇಲವ್ವನ ಕಣ್ಣೆದುರು ತಾನು ಅದರ ಅಂಚು ಕಚ್ಚಿ ಒಂದು ಗುಟುಕು ಕುಡಿದಳು. ಆಮೇಲೆ ಅದೇ ಲೋಟವನ್ನು ಅವಳ ತುಟಿಗೆ ಹಿಡಿದಳು.

"ಒರಸ್ಕೊಳ್ರಿ ಅಕ್ಕಾರ. ಸೆರಗು ಐತೆಲ್ಲ?"

ರಾಹೇಲವ್ವ ಬಾಯಿ ಬಿಗಿಹಿಡಿದಳು. ಮಧ್ಯಾಹ್ನದ ಹೊತ್ತಿಗೆ ನೀರಡಿಕೆ ತಡೆಯದೆ ಕುಡಿದಳು. ಕಣ್ಣಿಂದ ನೀರಿಳಿದು ಕಿವಿಗೆ ಹರಿಯಿತು. ಅದನ್ನು ನೋಡಿ ಸಾವಂತ್ರೆವ್ವನಿಗೆ ಹೋಳಿಗೆ ಉಂಡಷ್ಟು ಹಿತವಾಯಿತು. ಅಂದಿನಿಂದ ನೀರು, ಗಂಜಿ, ಔಷಧ ಎಲ್ಲವೂ ಹಾಗೆಯೇ, ಅವಳ ಎಂಜಲಾಗಿಯೇ ಹೋದವು. ಮೈ ಮಾತ್ರ ಚೆನ್ನಾಗಿ ತೊಳೆಯುತ್ತಿದ್ದಳು. ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುತ್ತಿದ್ದಳು. ಇವಳು ಬೇಗ ಸತ್ತರೆ ತನ್ನ ಸೇಡು ಅರ್ಧಕ್ಕೇ ನಿಲ್ಲುತ್ತದೆ ಎಂಬ ಭಯ ಅವಳಿಗೆ.

ಕ್ರಿಸ್ಮಸ್ ಹತ್ತಿರ ಬಂದಾಗ ರಾಹೇಲವ್ವನಿಗೆ ತೊದಲು ಮಾತು ಮರಳಿತು. ಒಂದು ಬೆಳಿಗ್ಗೆ ಸಾವಂತ್ರೆವ್ವ ಅವಸರದಲ್ಲಿ ತಾನು ಕುಡಿಯುವುದನ್ನು ಮರೆತು ಲೋಟ ಹಿಡಿದಳು. ರಾಹೇಲವ್ವ ಎಡಗೈಯಿಂದ ಅದನ್ನು ತಡೆದಳು.

"ನೀ… ಮೊದಲ."

"ಯಾಕ್ರಿ, ರೂಢಿ ಆತೇನು?"

"ಆವತ್ತು ಒರಸಿದ್ದು… ಯಾರೂ ಹೇಳಿರಲಿಲ್ಲ. ನಾನ ಒರಸಿದ್ದು. ತಪ್ಪು… ನಂದ ಐತಿ."

ಸಾವಂತ್ರೆವ್ವ ಲೋಟ ಕುಕ್ಕಿ ಹಿತ್ತಲಿಗೆ ನಡೆದಳು. ಮೈಯೆಲ್ಲ ಉರಿಯುತ್ತಿತ್ತು. ಜಗಳಕ್ಕೆ ಬಂದಿದ್ದರೆ ಸಂಭಾಳಿಸುತ್ತಿದ್ದಳು. ಹೀಗೆ ಒಪ್ಪಿಕೊಂಡವಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಆಕಾಶ ನೋಡಿ ಬೈದಳು: "ಒಂಬತ್ತು ವರ್ಷ ಜ್ವಾಪಾನ ಮಾಡಿದ್ದನ್ನ ಕಸಗೊಂಡ್ಯಲ್ಲೋ ಯೇಸಪ್ಪಾ. ಇದೊಂದರ ನಂಗ ಬಿಡಬಾರದಾಗಿತ್ತೇನು?"

ಬೈಯುತ್ತ ಬೈಯುತ್ತ ನಡುವೆಯೇ ನಿಂತಳು. ತಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು ಆಗ ಹೊಳೆಯಿತು. ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ಹುಣ್ಣು ತೊಳೆಸಿಕೊಂಡ ದಿನಗಳಲ್ಲಿ ಹೀಗೆಯೇ ತಡೆಯಿಲ್ಲದೆ ಅವನೊಂದಿಗೆ ಮಾತಾಡುತ್ತಿದ್ದಳು.

ಒಳಗೆ ಬಂದು, "ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ ಅಕ್ಕಾರ, ಇನ್ನೂ ಆಗವಲ್ದು," ಎಂದು ತಾನು ಬಾಯಿ ಹಚ್ಚದ ಬೇರೆ ನೀರು ತಂದು ಕುಡಿಸಿದಳು.

ಆ ರವಿವಾರ ಚರ್ಚಿಗೆ ಹೋದಳು. ಬಾಗಿಲಲ್ಲೇ ಪಾದ್ರಿಗಳಿಗೆ, "ಸಿಟ್ಟು ಹಂಗ ಐತ್ರಿ. ನಿಮ್ಮ ಮ್ಯಾಲೂ ಐತಿ. ಆವತ್ತು ನೋಡಿ ಸುಮ್ಮನ ಹೋದ್ರಿ," ಎಂದಳು. ಪಾದ್ರಿಗಳು ತಲೆ ತಗ್ಗಿಸಿದರು. ಅವಳು ಒಳಗೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು.

ಸಿಟ್ಟು ಹೋಗಲು ಬೇಸಿಗೆ ಬರಬೇಕಾಯಿತು. ಒಂದು ಸಂಜೆ ರಾಹೇಲವ್ವನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಾಗ, ಕೆಲವು ದಿನಗಳಿಂದ ತನಗೆ ಬಟ್ಟಲು ಒರೆಸಿದ ಆ ಸಂಗತಿ ನೆನಪೇ ಆಗಿಲ್ಲವೆಂದು ಅವಳಿಗೆ ತಿಳಿಯಿತು. ಹೆಳಲು ಹಾಕಿ ಮುಗಿಸಿ ಒಲೆ ಹಚ್ಚಲು ಎದ್ದಳು.