ಎಡಗಾಲಿನ ಉಂಗುರ

ದಸರಾ ಹತ್ತಿರವಾದಂತೆ ನನ್ನ ಕಿವಿ ಬೊಮ್ಮಸಂದ್ರದ ಕೆರೆಯ ಕಡೆಗೇ ಇರುತ್ತದೆ. ಜೊಂಡಿನೊಳಗೆ ಯಾರೋ ಲೊಚಗುಟ್ಟಿದಂತೆ ‘ಚಕ್, ಚಕ್’ ಎಂದು ಕೇಳಿದರೆ ಉಲಿಯಕ್ಕಿ ಬಂತೆಂದೇ ಅರ್ಥ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರವಾದ ಕಂದು ಹಕ್ಕಿ. ಹಿಮಾಲಯದ ಆಚೆಯಿಂದ ಬಂದು, ಇಷ್ಟು ದೊಡ್ಡ ದೇಶ ಬಿಟ್ಟು, ಔಷಧಿ ಕಾರ್ಖಾನೆಗಳ ಹಿಂದಿನ ಈ ಜೊಂಡೇ ಬೇಕು ಅನ್ನುತ್ತದಲ್ಲ, ಅದರ ಹಟಕ್ಕೆ ನಾನು ಸೋತಿದ್ದೇನೆ.

ಯಾವ ಹಕ್ಕಿ ಮತ್ತೆ ಬಂತೆಂದು ಗುರುತಿಸಲು ಇಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಶುರುಮಾಡಿದವರು ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಡಂ. ಅನುಮತಿಗಾಗಿ ಕಚೇರಿಗಳನ್ನು ಅಲೆದವರೂ ಅವರೇ. ಬೆಳಕು ಹರಿಯುವ ಮೊದಲೇ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟುತ್ತಿದ್ದೆವು. ಸಿಕ್ಕ ಹಕ್ಕಿಯನ್ನು ಬಟ್ಟೆಚೀಲದಲ್ಲಿ ತಂದು, ನಂಬರಿರುವ ಪುಟ್ಟ ಉಂಗುರವನ್ನು ಇಕ್ಕಳದಿಂದ ಕಾಲಿಗೆ ತೊಡಿಸಿ, ಖಾಲಿ ಮಾತ್ರೆ ಡಬ್ಬಿಯೊಳಗೆ ತಲೆಕೆಳಗಾಗಿ ಇಳಿಸಿ ತೂಗಿ, ಬಿಡುತ್ತಿದ್ದೆವು. ಆಮೇಲೆ ನಾನು ಕಂಪನಿ ಬಸ್ಸಿಗೆ ಓಡುತ್ತಿದ್ದೆ. ಆಯುಧ ಪೂಜೆಯಂದು ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಹಾರ ಹಾಕಿದರೆ, ಮೇಡಂ ನಮ್ಮ ಇಕ್ಕಳಕ್ಕೆ ಕುಂಕುಮ ಇಡುತ್ತಿದ್ದರು.

ಅವರದು ಎಡಗೈ. ಹಾಗಾಗಿ ಅವರ ಉಂಗುರಗಳೆಲ್ಲ ಹಕ್ಕಿಯ ಎಡಗಾಲಿಗೆ, ನನ್ನವೆಲ್ಲ ಬಲಗಾಲಿಗೆ. ಉಂಗುರವಿರುವ ಹಕ್ಕಿ ಮತ್ತೆ ಸಿಕ್ಕರೆ ಏನು ಮಾಡಬೇಕೆಂದು ಅವರು ಬಾಯಿಪಾಠ ಮಾಡಿಸಿದ್ದರು: “ಮೊದ್ಲು ನಂಬರು, ಆಮೇಲೆ ಸಂತೋಷ.” ಆದರೆ ಅವರ ಕೈಯಿಂದ ಹೋದ ಒಂದು ಹಕ್ಕಿಯೂ ಮರಳಿ ನಮ್ಮ ಬಲೆಗೆ ಬಿದ್ದಿರಲಿಲ್ಲ.

ಅವರು ಇಲ್ಲಿದ್ದ ಕೊನೆಯ ವರ್ಷ ಅವರ ಕೈ ನಡುಗತೊಡಗಿತು. ಅವರು ಇಕ್ಕಳ ಹಿಡಿದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಇಕ್ಕಳವನ್ನು ನನ್ನ ಕೈಗಿಟ್ಟು, “ಇನ್ಮೇಲೆ ನೀನೇ ಹಾಕಮ್ಮ” ಅಂದರು. ಆಮೇಲೆ ಬೆಂಗಳೂರಿನ ಇನ್ನೊಂದು ತುದಿಯ ಚಿಕ್ಕಬಾಣಾವರಕ್ಕೆ, ಮಗಳ ಮನೆಗೆ ಹೊರಟುಹೋದರು. ಹಕ್ಕಿ ಹಿಮಾಲಯ ದಾಟಿ ಬರುತ್ತದೆ. ನನಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಅವರನ್ನು ನೋಡಿ ಬರಲು ಆಗುವುದಿಲ್ಲ. ನಾಚಿಕೆಗೇಡು. ಬಲೆ ಕಟ್ಟಿದ ದಿನಗಳಲ್ಲೆಲ್ಲ ಅವರ ಫೋನ್ ಬರುತ್ತಿತ್ತು: “ಹಳೇದು ಯಾವ್ದಾದ್ರೂ ಬಂತಾ?”

ಈ ಸಲ, ಆಯುಧ ಪೂಜೆಯ ಮರುದಿನ, ಬಂತು. ಚೀಲದಿಂದ ಹಕ್ಕಿಯನ್ನು ತೆಗೆದರೆ ಎಡಗಾಲಲ್ಲಿ ಮಾಸಿದ ಉಂಗುರ! ಪುಸ್ತಕದಲ್ಲಿ ಬರೆದುಕೊಳ್ಳಲು ಕೂತಿದ್ದ ನನ್ನ ಗೆಳತಿ ಎದ್ದೇ ನಿಂತಳು. “ನಂಬರ್ ಹೇಳೇ ಮೊದ್ಲು!”

“ತಡಿಯೇ, ಮೇಡಂ ಕೇಳಿಸ್ಕೊಳ್ಲಿ” ಎಂದು ಇನ್ನೊಂದು ಕೈಯಲ್ಲಿ ಫೋನ್ ಒತ್ತಿದೆ. ಅವರು “ಹಲೋ” ಅಂದರು. “ಮೇಡಂ, ನಿಮ್ದು ಬಂದಿದೆ!” ಅನ್ನುವಷ್ಟರಲ್ಲಿ ಬೆರಳು ಸಡಿಲವಾಗಿ ಹಕ್ಕಿ ಪುರ್ರೆಂದು ಜೊಂಡಿಗೆ ಹಾರಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಷ್ಟೋ ವರ್ಷ ಕಾದ ನಂಬರನ್ನು ಓದದೆಯೇ ಬಿಟ್ಟಿದ್ದೆ.

“ನಂಬರ್ ಓದ್ಲಿಲ್ಲ ಮೇಡಂ. ಕೈ ತಪ್ಪೋಯ್ತು.”

ಬೈಯಲಿ ಎಂದು ಕಾದೆ.

“ನಂಬರ್ ಇರ್ಲಿ ಬಿಡು” ಅಂದರು. “ಕಾಲು ಹೇಗಿತ್ತು?”

“ಕಾಲಾ?”

“ಊದಿತ್ತಾ? ಉಂಗುರ ಒತ್ಕೊಂಡಿತ್ತಾ?”

“ಇಲ್ಲ ಮೇಡಂ. ಉಂಗುರ ಆರಾಮಾಗಿ ತಿರುಗ್ತಿತ್ತು. ಕಾಲು ಚೆನ್ನಾಗಿತ್ತು.”

“ನನ್ನ ಸಮಾಧಾನಕ್ಕೆ ಹೇಳ್ಬೇಡ.”

“ನಿಮ್ಮಾಣೆ ಮೇಡಂ.”

“ಈ ಕೈಯಿಂದ ಎಷ್ಟು ಕಾಲು ಹಾಳಾದ್ವೋ ಅಂತ...” ಎಂದರು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಇಷ್ಟು ದಿನ ಅವರು ಫೋನ್ ಮಾಡಿ ಕೇಳುತ್ತಿದ್ದದ್ದು ಇದನ್ನೇ. ಪಕ್ಕದಲ್ಲೇ ಕೂತು ಆ ನಡುಕ ನೋಡಿದ್ದ ನನಗೆ ಅದು ಹೊಳೆದಿರಲಿಲ್ಲ.

ಗೆಳತಿಯ ಕೈಯಿಂದ ಪುಸ್ತಕ ತೆಗೆದುಕೊಂಡೆ. ನಂಬರಿನ ಜಾಗ ಖಾಲಿ ಬಿಟ್ಟು, ಕೊನೆಯಲ್ಲಿ ‘ಕಾಲು ಚೆನ್ನಾಗಿದೆ’ ಎಂದು ಬರೆದೆ. ಉಂಗುರ ಹಾಕಿದವರು ಎಂಬಲ್ಲಿ ಬಹಳ ದಿನಗಳ ಮೇಲೆ ಮೇಡಂ ಹೆಸರು ಬರೆಯುವಾಗ, ಅವರು ಈಗ ಇಲ್ಲೇ, ನನ್ನ ಎಡಗಡೆ, ತಮ್ಮ ಜಾಗದಲ್ಲಿ ಕೂತಿರಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ.