ಬಡಿಸಿದ ಕೈ, ಕತ್ತರಿ ಹಿಡಿದ ಕೈ

ಇನ್ನೂ ಬೆಳಕು ಹರಿದಿಲ್ಲ. ಮೊರಾವಾ ನದಿದಂಡೆಯ ಪುಟ್ಟ ಆಸ್ಪತ್ರೆಯಲ್ಲಿ ನರ್ಸ್ ರಾದೋಯ್ಕಾ ಶಸ್ತ್ರಚಿಕಿತ್ಸೆಗೆಂದು ಕತ್ತರಿ, ಚಿಮುಟ, ಸೂಜಿಗಳನ್ನು ಜೋಡಿಸುತ್ತಿದ್ದಾರೆ. ವೈದ್ಯರು ಬಾಯಿ ಬಿಡುವ ಮೊದಲೇ ಬೇಕಾದ ಸಲಕರಣೆ ಅವರ ಅಂಗೈಗೆ ಬಂದಿರುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ. ಗುಣವಾದವರು ಮನೆಯಲ್ಲೇ ಭಟ್ಟಿ ಇಳಿಸಿದ ರಾಕಿಯಾ ಎಂಬ ಹಣ್ಣಿನ ಮದ್ಯದ ಬಾಟಲಿಯನ್ನು ವೈದ್ಯರ ಕೈಗಿಟ್ಟು ಹೋಗುತ್ತಾರೆ. ಮುಖಗವಸಿನ ಹಿಂದಿದ್ದ ಈಕೆಯ ಗುರುತೇ ಅವರಿಗಿರುವುದಿಲ್ಲ. ಅದಕ್ಕೆ ಇವರಿಗೆ ಬೇಸರವಿಲ್ಲ. ಮನಸ್ಸು ಕೊರೆಯುವುದು ಕಳೆದ ಜನವರಿಯ ಒಂದು ಊಟ.

ಅಂದು ಅವರ ಮನೆಯಲ್ಲಿ ಸ್ಲಾವಾ, ಮನೆದೇವರಂತೆ ಪೂಜಿಸುವ ಸಂತ ಯೊವಾನನ ಹಬ್ಬ. ಅವರ ಮದುವೆಗೆ ಸಾಕ್ಷಿ ನಿಂತಿದ್ದ ಝಿವಾದಿನ್ ಬಂದಿದ್ದರು. ಅಂಥವರನ್ನು ಕೂಮ್ ಅನ್ನುತ್ತಾರೆ, ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಮಾಂಸವೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಆ ದಿನ ತಟ್ಟೆ ಸರಿಸಿ, ನೀರಿಗೆ ಅಡುಗೆ ಸೋಡಾ ಕದಡಿ ಕುಡಿದರು. ಸ್ಲಾವಾದ ಊಟದಲ್ಲಿ ಅತಿಥಿ ಬೇಡವೆನ್ನುವಂತಿಲ್ಲ, ಮನೆಯವರು ಬಿಡುವಂತೆಯೂ ಇಲ್ಲ.

"ಯಾಕೆ ಕೂಮ್, ಕೊನೆಗೂ ಹೆಂಡತಿ ಕೈರುಚಿ ಹಿಡಿಸ್ತಾ? ನನ್ನ ಸರ್ಮಾ ಸೇರಲ್ವಾ?" ಎಂದು ಕಿಚಾಯಿಸುತ್ತ ರಾದೋಯ್ಕಾ, ಅನ್ನ ಮಾಂಸ ತುಂಬಿದ ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಸುರಿದರು. ಎಲ್ಲರೂ ನಕ್ಕರು. ಝಿವಾದಿನ್ ತಿಂದರು.

ಮರುದಿನ ನಸುಕಿನಲ್ಲಿ ಆಸ್ಪತ್ರೆಯಿಂದ ತುರ್ತು ಕರೆ. ಸ್ಟ್ರೆಚರ್ ಮೇಲೆ ಹಲಗೆಯಂತೆ ಬಿಗಿದ ಹೊಟ್ಟೆ ಹಿಡಿದು ಮಲಗಿದ್ದವರು ಅದೇ ಕೂಮ್. ಜಠರ ತೂತಾಗಿತ್ತು. ಬೇರೆ ನರ್ಸ್ ಬರುವವರೆಗೆ ಕಾಯುವಂತಿರಲಿಲ್ಲ, ರಾದೋಯ್ಕಾ ಕೈ ತೊಳೆದು ನಿಂತರು. ಹೊಟ್ಟೆ ತೆರೆದರೆ ತಾವೇ ಬಡಿಸಿದ ಅನ್ನ, ಎಲೆಕೋಸು ಒಳಗೆಲ್ಲ ಹರಡಿತ್ತು. ಅದನ್ನು ತೊಳೆದು ತೆಗೆದ ಮೇಲೆ ನೋಡಿದರೆ ತೂತಿನ ಅಂಚು ಗಟ್ಟಿ ಗಂಟಾಗಿತ್ತು. ಶಸ್ತ್ರವೈದ್ಯ ಒಬ್ರೆನ್ ಒಂದು ಚೂರನ್ನು ಪರೀಕ್ಷೆಗೆ ತೆಗೆದು ತೂತು ಮುಚ್ಚಿದರು. ಕ್ಯಾನ್ಸರ್ ಎಂದು ಫಲಿತಾಂಶ ಬರುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು.

ತೂತು ಮಾಡಿದ್ದು ಗೆಡ್ಡೆ, ನಿನ್ನ ಸರ್ಮಾ ಅಲ್ಲ ಎಂದು ಒಬ್ರೆನ್ ಎಷ್ಟೋ ಸಲ ಹೇಳಿದ್ದಾರೆ. ರಾದೋಯ್ಕಾ ಮನಸ್ಸು ಒಪ್ಪುವುದಿಲ್ಲ.

"ಮಾಂಸ ಸೇರಲ್ಲ ಅಂದವರ ಹೊಟ್ಟೆ ತೆರೆದು ಇಂಥ ಗೆಡ್ಡೆ ಎಷ್ಟು ನೋಡಿಲ್ಲ ನಾವು? ಆಸ್ಪತ್ರೇಲಾಗಿದ್ರೆ ಯಾವಾಗಿಂದ ಹೀಗೆ ಅಂತ ಕೇಳ್ತಿದ್ದೆ. ಮನೆಗೆ ಬಂದ ಕೂಮ್ ಅಂತ ಬಡಿಸಿಬಿಟ್ಟೆ."

ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆದರೂ ರೋಗ ಪೂರ್ತಿ ಹೋಗಿಲ್ಲ. ಝಿವಾದಿನ್ ಈಗ ಚಮಚ ಚಮಚವಾಗಿ ಸೂಪು ಕುಡಿಯುತ್ತಾರೆ. ಆ ಊಟದ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ, ರಾದೋಯ್ಕಾಗೆ ಅದೇ ಹೆಚ್ಚು ಸುಡುತ್ತದೆ. ಮತ್ತೆ ಸ್ಲಾವಾ ಹತ್ತಿರ ಬಂದಿದೆ. ಈ ಸಲ ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ರಾದೋಯ್ಕಾ ಕೈಗವಸು ಎಳೆದುಕೊಳ್ಳುತ್ತ ಹೇಳುತ್ತಾರೆ:

"ಹಬ್ಬಕ್ಕೆ ಕೂಮ್ ಬರ್ಲಿ. ಎಲ್ಲರ ಎದುರು ಕೂತು ನಂಗೆ 'ಬೇಡ' ಅನ್ಲಿ. ಈ ಸಲ ಕೇಳಿಸ್ಕೋತೀನಿ."